ಬೆಂಗಳೂರಿನಿಂದ ವಿದೇಶಕ್ಕೆ ಹೊರಟವರು ಮನೆ ಬಿಡಬೇಕಾದ್ದು ಎಷ್ಟು ಹೊತ್ತಿಗೆ?

"ಇಂಟರ್‌ನ್ಯಾಷನಲ್ ಫ್ಲೈಟು ಅಂದರೆ ಮೂರು ಗಂಟೆ ಮುಂಚೆ ಇರಬೇಕು" ಎಂದು ಎಲ್ಲರೂ ಹೇಳುತ್ತಾರೆ. ಎಲ್ಲಿ ಇರಬೇಕು ಎಂದು ಮಾತ್ರ ಯಾರೂ ಹೇಳುವುದಿಲ್ಲ. ಮೂರು ಗಂಟೆ ಮುಂಚೆ ಹೆಬ್ಬಾಳದ ಫ್ಲೈಓವರ್ ಮೇಲೆ ಕ್ಯಾಬ್‌ನಲ್ಲಿ ಕೂತವರದೂ ಅದೇ ಲೆಕ್ಕ, ಟರ್ಮಿನಲ್ ಬಾಗಿಲಲ್ಲಿ ಟ್ರಾಲಿ ಹಿಡಿದು ನಿಂತವರದೂ ಅದೇ ಲೆಕ್ಕ. ಇಬ್ಬರ ನಡುವೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಅಂತರವಿದೆ. ವಿಮಾನ ತಪ್ಪಿಸಿಕೊಳ್ಳುವವರಲ್ಲಿ ಹಲವರು ತಪ್ಪಿಸಿಕೊಳ್ಳುವುದು ಆ ಅಂತರದಲ್ಲೇ.

ಲೆಕ್ಕವನ್ನು ಮನೆಯಿಂದ ಶುರು ಮಾಡಬೇಡಿ, ಚೆಕ್-ಇನ್ ಕೌಂಟರ್ ಮುಚ್ಚುವ ಹೊತ್ತಿನಿಂದ ಶುರು ಮಾಡಿ ಹಿಂದಕ್ಕೆ ಬನ್ನಿ. ಬಹುತೇಕ ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಕೌಂಟರ್ ವಿಮಾನ ಹೊರಡುವ 60 ನಿಮಿಷ ಮುಂಚೆ ಮುಚ್ಚುತ್ತದೆ. ಕೆಲವು ಏರ್‌ಲೈನ್‌ಗಳು, ಕೆಲವು ದೇಶಗಳ ವಿಮಾನಗಳು ಇನ್ನೂ ಬೇಗ ಮುಚ್ಚುತ್ತವೆ. ಅದು ಟಿಕೆಟ್‌ನ ಕೆಳಭಾಗದ ಸಣ್ಣ ಅಕ್ಷರಗಳಲ್ಲಿರುತ್ತದೆ, ಓದಿಕೊಳ್ಳಿ. ಅಂದರೆ ಟಿಕೆಟ್‌ನಲ್ಲಿ 2:50 ಎಂದಿದ್ದರೆ ನಿಮ್ಮ ಪಾಲಿಗೆ ವಿಮಾನ ಹೊರಡುವುದು 1:50ಕ್ಕೆ. ಕೌಂಟರ್ ಮುಚ್ಚಿದ ಮೇಲೆ ಪ್ರಯಾಣಿಕರ ಪಟ್ಟಿ ಅಂತಿಮವಾಗುತ್ತದೆ, ವಿಮಾನದ ತೂಕದ ಲೆಕ್ಕ ಆಗುತ್ತದೆ, ಬ್ಯಾಗುಗಳು ಸ್ಕ್ಯಾನ್ ಆಗಿ ವಿಮಾನದ ಹೊಟ್ಟೆ ಸೇರಬೇಕು. 1:55ಕ್ಕೆ ಓಡಿ ಬಂದು ಕೈಮುಗಿದರೂ ಕೌಂಟರಿನಲ್ಲಿರುವವರ ಕೈಯಲ್ಲಿ ಏನೂ ಇರುವುದಿಲ್ಲ.

ಮೊದಲು ತಾರೀಖು ನೋಡಿ

ಹೊತ್ತಿಗಿಂತ ಮುಂಚೆ ದಿನವೇ ತಪ್ಪುವುದುಂಟು. ಬೆಂಗಳೂರಿನಿಂದ ಕೊಲ್ಲಿ ದೇಶಗಳಿಗೆ, ಯುರೋಪಿಗೆ ಹೋಗುವ ಬಹಳಷ್ಟು ವಿಮಾನಗಳು ನಡುರಾತ್ರಿ ದಾಟಿದ ಮೇಲೆ, ಬೆಳಕು ಹರಿಯುವ ಮುಂಚೆ ಹೊರಡುತ್ತವೆ. ಪಂಚಾಂಗದ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯ ಹುಟ್ಟಿದಾಗ, ಏರ್‌ಲೈನ್ ಲೆಕ್ಕದಲ್ಲಿ ರಾತ್ರಿ ಹನ್ನೆರಡಕ್ಕೆ. ಟಿಕೆಟ್‌ನಲ್ಲಿ "15 ಬುಧವಾರ, 00:40" ಎಂದಿದ್ದರೆ ಮನೆ ಬಿಡಬೇಕಾದ್ದು 14ರ ಮಂಗಳವಾರ ಸಂಜೆ. "ಬುಧವಾರ ರಾತ್ರಿ ಫ್ಲೈಟು" ಎಂದು ಬಂಧುಬಳಗಕ್ಕೆಲ್ಲ ಹೇಳಿ, ಬುಧವಾರ ರಾತ್ರಿ ಊಟ ಮುಗಿಸಿ ಏರ್‌ಪೋರ್ಟಿಗೆ ಬಂದರೆ ವಿಮಾನ ಹೋಗಿ ಇಪ್ಪತ್ತು ಗಂಟೆ ದಾಟಿರುತ್ತದೆ. ಕ್ಯಾಲೆಂಡರಿನಲ್ಲಿ ವಿಮಾನದ ಹೊತ್ತನ್ನು ಬರೆಯಬೇಡಿ, ಮನೆ ಬಿಡುವ ಹೊತ್ತನ್ನು ಬರೆಯಿರಿ: "ಮಂಗಳವಾರ ಸಂಜೆ 7:15, ಮನೆಯಿಂದ ಹೊರಡುವುದು". ಕ್ಯಾಬ್ ಬುಕ್ ಮಾಡುವವರಿಗೂ, ಬೀಳ್ಕೊಡಲು ಬರುವವರಿಗೂ ಅದನ್ನೇ ಹೇಳಿ.

ಒಂದು ಪೂರ್ತಿ ಲೆಕ್ಕ

ಜಯನಗರದ ದಂಪತಿ, ನಾಲ್ಕು ಸೂಟ್‌ಕೇಸು, ಬುಧವಾರ ಬೆಳಗಿನ ಜಾವ 2:50ಕ್ಕೆ ಯುರೋಪಿನ ವಿಮಾನ ಎಂದಿಟ್ಟುಕೊಳ್ಳಿ. ಕೆಳಗಿನಿಂದ ಮೇಲಕ್ಕೆ ಓದಿದರೆ ಲೆಕ್ಕ ಹಾಕಿದ ಕ್ರಮ, ಮೇಲಿನಿಂದ ಕೆಳಕ್ಕೆ ಓದಿದರೆ ಆ ರಾತ್ರಿ ನಡೆಯುವ ಕ್ರಮ:

ರಾತ್ರಿ 9:30 – ಮನೆ ಬಿಡುವುದು
11:30 – ಟಿ2 (ಎರಡನೆಯ ಟರ್ಮಿನಲ್) ಡಿಪಾರ್ಚರ್ ಮುಂದೆ ಇಳಿದು ಟ್ರಾಲಿ ಹುಡುಕುವುದು
11:40 – ಬಾಗಿಲಲ್ಲಿ ಟಿಕೆಟ್, ಪಾಸ್‌ಪೋರ್ಟ್ ತೋರಿಸುವುದು
12:00 – ಕೌಂಟರ್ ಸಾಲಿನಲ್ಲಿ ನಿಲ್ಲುವುದು
12:50 – ಬ್ಯಾಗು ಕೊಟ್ಟು ಬೋರ್ಡಿಂಗ್ ಪಾಸ್ ಕೈಗೆ ಬರುವುದು
1:25 – ಇಮಿಗ್ರೇಷನ್ ಮುಗಿಯುವುದು
1:50 – ಸೆಕ್ಯುರಿಟಿ ಮುಗಿಯುವುದು
2:05 – ಗೇಟ್ ಮುಂದೆ. ಬೋರ್ಡಿಂಗ್ ಅಷ್ಟರಲ್ಲಿ ಶುರುವಾಗಿರುತ್ತದೆ
2:30 – ಗೇಟ್ ಮುಚ್ಚುವುದು

ಬಾಗಿಲಿಗೆ ಬಂದದ್ದು ವಿಮಾನಕ್ಕೆ 3 ಗಂಟೆ 10 ನಿಮಿಷ ಮುಂಚೆ. ಮೂರು ಗಂಟೆ ಅನ್ನುವ ಮಾತು ಅನ್ವಯಿಸುವುದು ಇದೇ ಜಾಗಕ್ಕೆ: ಟರ್ಮಿನಲ್ ಬಾಗಿಲು, ಕೈಯಲ್ಲಿ ಟ್ರಾಲಿ. ಅದೃಷ್ಟವಿದ್ದರೆ ಇಮಿಗ್ರೇಷನ್ ಹತ್ತೇ ನಿಮಿಷದಲ್ಲಿ ಮುಗಿದು ಒಂದು ಫಿಲ್ಟರ್ ಕಾಫಿಗೆ ಹೊತ್ತು ಸಿಗುತ್ತದೆ. ಇಲ್ಲದಿದ್ದರೆ ಪ್ರತಿ ಮೆಟ್ಟಿಲಲ್ಲೂ ಇಟ್ಟ ಹತ್ತು ನಿಮಿಷವೇ ಕಾಪಾಡುತ್ತದೆ.

ಹಾಗೆಂದು ಐದಾರು ಗಂಟೆ ಮುಂಚೆ ಹೋಗಿ ಕೂರುವುದರಲ್ಲೂ ಅರ್ಥವಿಲ್ಲ. ಕೌಂಟರ್ ತೆರೆಯುವುದೇ ಸಾಮಾನ್ಯವಾಗಿ ಮೂರು–ನಾಲ್ಕು ಗಂಟೆ ಮುಂಚೆ. ಅಲ್ಲಿಯವರೆಗೆ ನಾಲ್ಕು ಸೂಟ್‌ಕೇಸನ್ನು ಕಾಯುತ್ತ, ಒಬ್ಬರಾದ ಮೇಲೆ ಒಬ್ಬರು ಟಾಯ್ಲೆಟ್ಟಿಗೆ ಹೋಗಿಬರಬೇಕು.

ದಾರಿ

ಬೆಂಗಳೂರಿನ ಎಲ್ಲ ಅಂತರರಾಷ್ಟ್ರೀಯ ವಿಮಾನಗಳೂ 2023ರ ಸೆಪ್ಟೆಂಬರ್ 12ರಿಂದ ಕೆಂಪೇಗೌಡ ವಿಮಾನ ನಿಲ್ದಾಣದ ಟಿ2ಗೆ ಬಂದಿವೆ. ಚಾಲಕರಿಗೆ "ಟಿ2, ಡಿಪಾರ್ಚರ್" ಎಂದು ಹತ್ತುವಾಗಲೇ ಹೇಳಿ. ತಪ್ಪಿ ಟಿ1 ಮುಂದೆ ಇಳಿದರೆ ಶಟಲ್ ಬಸ್ ಇದೆ, ಆದರೆ ಅದು ಬರುವುದು, ಲಗೇಜ್ ಹತ್ತಿಸುವುದು, ಇಳಿಸುವುದು ಎಲ್ಲ ಸೇರಿ 20–25 ನಿಮಿಷ ಹೋಗುತ್ತದೆ.

ಮೆಜೆಸ್ಟಿಕ್‌ನಿಂದ ದೇವನಹಳ್ಳಿ ಬಳಿಯ ಏರ್‌ಪೋರ್ಟಿಗೆ ಸುಮಾರು 35 ಕಿಲೋಮೀಟರ್. ರಾತ್ರಿ ಹನ್ನೊಂದರ ಮೇಲೆ 50 ನಿಮಿಷದಲ್ಲಿ ಮುಗಿಯುವ ಇದೇ ದಾರಿ ಸಂಜೆ 5:30ರಿಂದ 9ರವರೆಗೆ ಎರಡು ಗಂಟೆಯನ್ನೂ ನುಂಗಬಲ್ಲದು. ಗಂಟಲು ಕಟ್ಟುವುದು ಹೆಬ್ಬಾಳದಲ್ಲಿ: ಹೊರವರ್ತುಲ ರಸ್ತೆಯ ಗಾಡಿಗಳೂ ಬಳ್ಳಾರಿ ರಸ್ತೆಯ ಗಾಡಿಗಳೂ ಅಲ್ಲೇ ಸೇರುತ್ತವೆ. ಹೆಬ್ಬಾಳ ದಾಟಿದರೆ ಸಾದಹಳ್ಳಿ ಟೋಲ್‌ವರೆಗೆ ದಾರಿ ಸಲೀಸು. ಹೆಣ್ಣೂರು, ಬಾಣಸವಾಡಿ, ಕಮ್ಮನಹಳ್ಳಿ ಕಡೆಯವರು ಹೆಬ್ಬಾಳಕ್ಕೆ ಬರಲೇಬೇಡಿ, ಹೆಣ್ಣೂರು–ಬಾಗಲೂರು ರಸ್ತೆ ಹಿಡಿಯಿರಿ. ಮ್ಯಾಪಿನಲ್ಲಿ ಮಧ್ಯಾಹ್ನ ಮೂರಕ್ಕೆ ನೋಡಿದ ಹೊತ್ತನ್ನು ನಂಬಬೇಡಿ. ಹಿಂದಿನ ವಾರ ಅದೇ ದಿನ, ಅದೇ ಗಳಿಗೆಯಲ್ಲಿ ನೋಡಿಟ್ಟುಕೊಂಡು ಅದರ ಮೇಲೆ ಅರ್ಧ ಗಂಟೆ ಸೇರಿಸಿ. ಶುಕ್ರವಾರ ಸಂಜೆಗೂ ಮಳೆಗೂ ಇನ್ನೊಂದು ಅರ್ಧ ಗಂಟೆ.

ಕ್ಯಾಬ್ ಆ್ಯಪ್‌ನಲ್ಲಿ ಮುಂಗಡ ಬುಕ್ ಮಾಡಿದ್ದರೂ ಕೊನೆಯ ಗಳಿಗೆಯಲ್ಲಿ ಕ್ಯಾನ್ಸಲ್ ಆಗುವುದುಂಟು. ಮನೆ ಬಿಡುವ ಹೊತ್ತಿಗಿಂತ 30 ನಿಮಿಷ ಮುಂಚಿನ ಹೊತ್ತಿಗೆ ಬುಕ್ ಮಾಡಿ, ಅದು ಕೈಕೊಟ್ಟರೆ ಇರಲಿ ಎಂದು ಪರಿಚಯದ ಒಬ್ಬ ಟ್ಯಾಕ್ಸಿ ಚಾಲಕರ ನಂಬರ್ ಇಟ್ಟುಕೊಳ್ಳಿ. ಲಗೇಜ್ ಕಡಿಮೆ ಇದ್ದವರಿಗೆ ಬಿಎಂಟಿಸಿಯ ವಾಯು ವಜ್ರ ಒಳ್ಳೆಯದು: ಮೆಜೆಸ್ಟಿಕ್‌ನಿಂದ ಕೆಐಎ-9, ಎಲೆಕ್ಟ್ರಾನಿಕ್ ಸಿಟಿಯಿಂದ ಕೆಐಎ-8. ಮೈಸೂರಿನವರಿಗೆ ಕೆಎಸ್‌ಆರ್‌ಟಿಸಿ ಫ್ಲೈಬಸ್ ಇದೆ. ಅದರಲ್ಲಿ ಬರುವವರು ವೇಳಾಪಟ್ಟಿಯಂತೆ ಸರಿಯಾಗಿ ಮೂರು ಗಂಟೆ ಮುಂಚೆ ತಲುಪುವ ಬಸ್ಸನ್ನು ಬಿಟ್ಟು ಅದರ ಹಿಂದಿನ ಬಸ್ಸನ್ನು ಹಿಡಿಯಬೇಕು. ತುಮಕೂರು, ಶಿವಮೊಗ್ಗ, ದಾವಣಗೆರೆ ಕಡೆಯಿಂದ ಕಾರಿನಲ್ಲಿ ಬರುವವರು ಬೆಂಗಳೂರನ್ನು ಹೊಗುವುದೇ ಬೇಡ. ದಾಬಸ್‌ಪೇಟೆಯಲ್ಲಿ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಬರಬಹುದು.

ರಾಹುಕಾಲ ನೋಡುವ ಮನೆಗಳಿಗೆ ಒಂದು ಮಾತು. ರಾಹುಕಾಲ ಮುಗಿಯಲಿ ಎಂದು ಕಾದು ಹೊರಟು ಹೆಬ್ಬಾಳದಲ್ಲಿ ಸಿಕ್ಕಿಕೊಳ್ಳುವ ಬದಲು, ಅದು ಶುರುವಾಗುವ ಮುಂಚೆಯೇ ಹೊಸ್ತಿಲು ದಾಟಿಬಿಡಿ. ಸಂಜೆ ಹೊರಡುವವರಿಗೆ ಅಡ್ಡ ಬರುವುದು ಮುಖ್ಯವಾಗಿ ಭಾನುವಾರದ 4:30–6.

ಬಾಗಿಲಿನಿಂದ ಗೇಟ್‌ವರೆಗೆ

ಬಾಗಿಲಲ್ಲಿ ಸಿಐಎಸ್‌ಎಫ್ ಸಿಬ್ಬಂದಿಗೆ ಟಿಕೆಟ್ ಮತ್ತು ಪಾಸ್‌ಪೋರ್ಟ್ ತೋರಿಸಬೇಕು. ಮುಖ ತೋರಿಸಿ ಒಳಹೋಗುವ ಡಿಜಿಯಾತ್ರಾ ಆ್ಯಪ್ ದೇಶದೊಳಗಿನ ವಿಮಾನಗಳಿಗೆ, ಇಲ್ಲಿ ಅದನ್ನು ನೆಚ್ಚಬೇಡಿ. ಟಿಕೆಟನ್ನು ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟು, ಒಂದು ಪ್ರಿಂಟನ್ನೂ ತನ್ನಿ. ಬಾಗಿಲಲ್ಲಿ ನಿಂತು ಇಮೇಲ್ ಹುಡುಕುವವರಿಂದಲೇ ಆ ಸಾಲು ಉದ್ದವಾಗುವುದು. ಬೀಳ್ಕೊಡುವವರು ಒಳಗೆ ಬರುವಂತಿಲ್ಲ. ಕುಂಕುಮ, ನಮಸ್ಕಾರ, ಫೋಟೊ, ಅಳು ಎಲ್ಲ ಮನೆಯಲ್ಲೇ ಮುಗಿದರೆ ಒಳ್ಳೆಯದು. ಬಾಗಿಲ ಮುಂದೆ ಅದಕ್ಕೇ ಕಾಲು ಗಂಟೆ ಹೋಗುತ್ತದೆ.

ಹೊತ್ತು ನಿಜವಾಗಿ ಕಳೆಯುವುದು ಕೌಂಟರಿನಲ್ಲಿ. ವೆಬ್ ಚೆಕ್-ಇನ್ ಆಗಿದೆ, ನಮಗೆ ಸಾಲಿಲ್ಲ ಎಂದು ನಂಬಿ ತಡವಾಗಿ ಬರುವವರು ಬಹಳ. ಸೀಟು ಮನೆಯಲ್ಲೇ ಹಿಡಿದರೂ ವೀಸಾ ಪರಿಶೀಲನೆ ಕೌಂಟರಿನಲ್ಲೇ ನಡೆಯುತ್ತದೆ. ಕಾಗದ ಸರಿಯಿಲ್ಲದ ಪ್ರಯಾಣಿಕರನ್ನು ಕರೆದೊಯ್ದರೆ ಆ ದೇಶ ಏರ್‌ಲೈನಿಗೆ ದಂಡ ಹಾಕಿ, ಅವರನ್ನು ವಾಪಸ್ ಕರೆತರುವ ಹೊಣೆಯನ್ನೂ ಹೊರಿಸುತ್ತದೆ. ಹಾಗಾಗಿ ಅಲ್ಲಿ ಯಾರೂ ಕಣ್ಣುಮುಚ್ಚಿ ಬಿಡುವುದಿಲ್ಲ. ಥಾಯ್ಲೆಂಡ್, ಮಲೇಷ್ಯಾ, ಸಿಂಗಾಪುರಕ್ಕೆ ಹೋಗುವವರು ಆಯಾ ದೇಶದ ಡಿಜಿಟಲ್ ಅರೈವಲ್ ಕಾರ್ಡನ್ನು ತಲುಪುವ ಮುಂಚಿನ ಮೂರು ದಿನಗಳೊಳಗೆ ಆನ್‌ಲೈನಿನಲ್ಲಿ ತುಂಬಿರಬೇಕು. ಕೌಂಟರ್ ಮುಂದೆ ನಿಂತು ಫೋನಿನಲ್ಲಿ ನಾಲ್ವರ ಫಾರ್ಮ್ ತುಂಬಲು ಹೋದರೆ 40 ನಿಮಿಷ ಖರ್ಚು.

ನಮ್ಮವರಿಗೆ ವಿಶೇಷವಾಗಿ ಕಾಡುವುದು ಹೆಸರು. ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಉಳಿದು, ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಇರುವವರು ಕರ್ನಾಟಕದಲ್ಲಿ ಸಾಕಷ್ಟಿದ್ದಾರೆ. ಯುಎಇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟಿನ ಮೇಲೆ ವಿಸಿಟ್ ವೀಸಾದಲ್ಲಿ ಬರುವವರನ್ನು ಒಳಗೆ ಬಿಟ್ಟುಕೊಳ್ಳುತ್ತಿಲ್ಲ. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಅಥವಾ ಕುಟುಂಬದ ಹೆಸರು ಇದ್ದರೆ ಅದನ್ನು ಪರಿಗಣಿಸುತ್ತಾರೆ. ಇದು ಎಷ್ಟು ಬೇಗ ಬಂದರೂ ಏರ್‌ಪೋರ್ಟಿನಲ್ಲಿ ಬಗೆಹರಿಯುವ ಸಮಸ್ಯೆಯಲ್ಲ. ಟಿಕೆಟ್ ತೆಗೆಯುವಾಗಲೇ ಪಾಸ್‌ಪೋರ್ಟ್, ವೀಸಾ, ಟಿಕೆಟ್ ಮೂರರಲ್ಲೂ ಹೆಸರನ್ನು ಅಕ್ಷರ ಅಕ್ಷರ ಹೋಲಿಸಿ. ಹಾಗೆಯೇ ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದರೂ ಉಳಿದಿರಲಿ. ಮಕ್ಕಳ ಪಾಸ್‌ಪೋರ್ಟ್ ಹತ್ತು ವರ್ಷದ್ದಲ್ಲ, ಐದು ವರ್ಷದ್ದು. ದೊಡ್ಡವರದನ್ನು ನೋಡಿ ಮಕ್ಕಳದನ್ನು ಮರೆಯುವ ಮನೆಗಳು ಕಡಿಮೆಯೇನಿಲ್ಲ. ವೀಸಾ ಹಳೆಯ ಪಾಸ್‌ಪೋರ್ಟಿನಲ್ಲಿದ್ದರೆ ಎರಡನ್ನೂ ತನ್ನಿ.

ಕೌಂಟರಿನಲ್ಲಿ ಬೋರ್ಡಿಂಗ್ ಪಾಸ್ ಸಿಕ್ಕ ಮೇಲೆ ಬ್ಯಾಗಿನ ಟ್ಯಾಗ್ ಓದಿ. ದೋಹಾ ಮೇಲೆ ಷಿಕಾಗೋಕ್ಕೆ ಹೋಗುವವರ ಟ್ಯಾಗಿನಲ್ಲಿ ಕೊನೆಯ ಊರಿನ ಕೋಡ್ ಇರಬೇಕು.

ಟಿ2ನಲ್ಲಿ ಕೌಂಟರ್ ಆದ ಮೇಲೆ ಮೊದಲು ಇಮಿಗ್ರೇಷನ್, ಆಮೇಲೆ ಸೆಕ್ಯುರಿಟಿ. ಭಾರತೀಯರು ಡಿಪಾರ್ಚರ್ ಕಾರ್ಡ್ ತುಂಬುವ ಪದ್ಧತಿ 2017ರ ಜುಲೈ 1ಕ್ಕೇ ನಿಂತಿದೆ. ಅಧಿಕಾರಿ ಕೇಳುವುದು ಎಲ್ಲಿಗೆ, ಯಾಕೆ, ಎಷ್ಟು ದಿನ ಎಂದು. ಉತ್ತರ ಚಿಕ್ಕದಾಗಿರಲಿ, ವೀಸಾಕ್ಕೆ ಹೊಂದುವಂತಿರಲಿ. ಪಾಸ್‌ಪೋರ್ಟಿನಲ್ಲಿ ಇಸಿಆರ್ (ಹೊರದೇಶದ ಕೆಲಸಕ್ಕೆ ಸರ್ಕಾರದ ಒಪ್ಪಿಗೆ ಬೇಕೆಂಬ ಗುರುತು) ಎಂದಿದ್ದು ಕೊಲ್ಲಿಗೆ ಕೆಲಸಕ್ಕೆ ಹೋಗುವವರಿಗೆ ಸರ್ಕಾರದ ಇಮೈಗ್ರೇಟ್ ಪೋರ್ಟಲ್‌ನ ಅನುಮತಿ ಬೇಕೇ ಬೇಕು. ಅದಿಲ್ಲದೆ ವಿಮಾನ ಹತ್ತಲು ಬಿಡುವುದಿಲ್ಲ.

ವರ್ಷಕ್ಕೆ ಎರಡು ಸಲಕ್ಕಿಂತ ಹೆಚ್ಚು ಓಡಾಡುವವರು ಫಾಸ್ಟ್ ಟ್ರ್ಯಾಕ್ ಇಮಿಗ್ರೇಷನ್ ಯೋಜನೆಗೆ ನೋಂದಾಯಿಸಿಕೊಳ್ಳುವುದು ಜಾಣತನ. 2024ರ ಜೂನ್‌ನಲ್ಲಿ ದೆಹಲಿಯಲ್ಲಿ ಶುರುವಾದ ಇದು 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಭಾರತೀಯ ಪಾಸ್‌ಪೋರ್ಟ್ ಇರುವವರೂ ಒಸಿಐ ಕಾರ್ಡ್ ಇರುವವರೂ (ವಿದೇಶಿ ಪೌರತ್ವದ ಭಾರತೀಯ ಮೂಲದವರು) ಗೃಹ ಸಚಿವಾಲಯದ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಬೆರಳಚ್ಚು ಮತ್ತು ಮುಖದ ಚಿತ್ರ ಕೊಡಬೇಕು. ಒಪ್ಪಿಗೆ ಸಿಕ್ಕರೆ ಐದು ವರ್ಷ ಅಥವಾ ಪಾಸ್‌ಪೋರ್ಟ್ ಮುಗಿಯುವವರೆಗೆ ಇ-ಗೇಟ್‌ನಲ್ಲಿ, ಅಂದರೆ ತಾನಾಗಿ ತೆರೆಯುವ ಬಾಗಿಲಲ್ಲಿ, ಹೋಗಿಬರಬಹುದು. ಆದರೆ ಪ್ರಯಾಣದ ಹಿಂದಿನ ದಿನ ಅರ್ಜಿ ಹಾಕಿ ಪ್ರಯೋಜನವಿಲ್ಲ.

ಸೆಕ್ಯುರಿಟಿಯಲ್ಲಿ ಬ್ಯಾಗೊಂದು ಪಕ್ಕದ ಪಟ್ಟಿಗೆ ಸರಿದರೆ ಹತ್ತು ನಿಮಿಷ ಹೋದಂತೆ. ಲ್ಯಾಪ್‌ಟಾಪ್, ಚಾರ್ಜರ್, ಪವರ್ ಬ್ಯಾಂಕ್ ಒಂದೇ ಖಾನೆಯಲ್ಲಿ ಮೇಲೆಯೇ ಇರಲಿ. ದ್ರವಗಳು 100 ಎಂಎಲ್‌ಗಿಂತ ದೊಡ್ಡ ಬಾಟಲಿಯಲ್ಲಿದ್ದರೆ, ಅರ್ಧ ಖಾಲಿಯಿದ್ದರೂ ಬಿಡುವುದಿಲ್ಲ. ಇಲ್ಲಿಂದ ಗೇಟ್‌ಗೆ ಹತ್ತು–ಹದಿನೈದು ನಿಮಿಷದ ನಡಿಗೆ. ದಾರಿ ಡ್ಯೂಟಿ ಫ್ರೀ ಅಂಗಡಿಗಳ ನಡುವೆಯೇ ಸಾಗುತ್ತದೆ, ಅದು ಕಾಕತಾಳೀಯವಲ್ಲ.

ಸೂಟ್‌ಕೇಸ್ ತಿನ್ನುವ ಹೊತ್ತು

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟ ಅಮ್ಮನ ಸೂಟ್‌ಕೇಸ್ 23 ಕೆಜಿ ದಾಟದೆ ಇರುವುದು ಅಪರೂಪ. ಕೌಂಟರ್ ಮುಂದೆ ನೆಲದ ಮೇಲೆ ಸೂಟ್‌ಕೇಸ್ ಬಿಚ್ಚಿ, ಹುಳಿಪುಡಿಯನ್ನು ಇದರಿಂದ ಅದಕ್ಕೆ, ಸಂಡಿಗೆಯನ್ನು ಅದರಿಂದ ಇದಕ್ಕೆ ಹಾಕುವ ದೃಶ್ಯ ಪ್ರತಿ ರಾತ್ರಿಯೂ ಕಾಣುತ್ತದೆ. ಅಷ್ಟರಲ್ಲಿ ಸಾಲು ಮುಂದೆ ಹೋಗಿ 20 ನಿಮಿಷ ಕಳೆದಿರುತ್ತದೆ. ಮನೆಯ ತೂಕದ ಯಂತ್ರದ ಮೇಲೆ ಮೊದಲು ಬರಿಗೈಯಲ್ಲಿ, ಆಮೇಲೆ ಸೂಟ್‌ಕೇಸ್ ಎತ್ತಿಕೊಂಡು ನಿಂತು ವ್ಯತ್ಯಾಸ ತೆಗೆಯಿರಿ. ಯಂತ್ರಗಳ ನಡುವೆ ಅರ್ಧ ಕೆಜಿ ಹೆಚ್ಚುಕಡಿಮೆ ಇರುವುದರಿಂದ 22ಕ್ಕೆ ನಿಲ್ಲಿಸಿ. ಕೈಚೀಲವನ್ನೂ ತೂಗುತ್ತಾರೆ, ಬಹಳಷ್ಟು ಏರ್‌ಲೈನ್‌ಗಳಲ್ಲಿ ಅದರ ಮಿತಿ 7 ಕೆಜಿ.

ಕೊಟ್ಟ ಬ್ಯಾಗು ಒಳಗೆ ಸ್ಕ್ಯಾನ್ ಆಗುವಾಗ ಸಂಶಯ ಬಂದರೆ ನಿಮ್ಮನ್ನು ಕರೆಸಿ ಬಿಚ್ಚಿಸುತ್ತಾರೆ. ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದಾಗ ಹೆಸರು ಕೂಗಿದರೆ ಅರ್ಧ ಗಂಟೆ ಹೋಯಿತೆಂದೇ ಲೆಕ್ಕ. ಹಾಗೆ ಸಿಕ್ಕಿಬೀಳುವುದು ಹೆಚ್ಚಾಗಿ ಮೂರು. ಮೊದಲನೆಯದು ಪವರ್ ಬ್ಯಾಂಕ್, ಅದು ಕೈಚೀಲದಲ್ಲೇ ಇರಬೇಕು. 100 ವ್ಯಾಟ್-ಅವರ್‌ವರೆಗೆ ಅನುಮತಿ ಬೇಕಿಲ್ಲ, 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್ ಆಗುತ್ತದೆ. ಎರಡನೆಯದು ಕರ್ಪೂರ, ಬೇಗ ಹೊತ್ತಿಕೊಳ್ಳುವ ವಸ್ತು. ಮೂರನೆಯದಕ್ಕೆ ಎಲ್ಲರೂ ಬೆರಗಾಗುತ್ತಾರೆ: ಒಣ ಕೊಬ್ಬರಿ. ಎಣ್ಣೆಯಂಶ ತುಂಬಿದ ಕೊಬ್ಬರಿ ತನ್ನಷ್ಟಕ್ಕೆ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು ಎಂಬ ಕಾರಣಕ್ಕೆ ವಿಮಾನಯಾನದ ನಿಯಮಗಳಲ್ಲಿ ಅದು ಅಪಾಯಕಾರಿ ಸರಕುಗಳ ಸಾಲಿನಲ್ಲಿದೆ. ತಿಪಟೂರಿನ ಗಿಟುಕು ಎಷ್ಟೇ ಚೆನ್ನಾಗಿದ್ದರೂ ಮನೆಯಲ್ಲೇ ಇರಲಿ.

ಪುಡಿಗಳನ್ನೆಲ್ಲ ಚೆಕ್-ಇನ್ ಬ್ಯಾಗಿಗೆ ಹಾಕಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ ಕೈಚೀಲದ ಪುಡಿ 350 ಎಂಎಲ್ ಅಳತೆ ಮೀರಿದರೆ ಹೆಚ್ಚಿನ ತಪಾಸಣೆಯಾಗುತ್ತದೆ. ಇನ್ನು ಗಸಗಸೆಯನ್ನು ಯುಎಇ, ಸೌದಿಗೆ ಒಂದು ಚಮಚವೂ ಒಯ್ಯಬೇಡಿ. ಅಲ್ಲಿ ಅದು ಮಾದಕವಸ್ತುವಿನ ಕೇಸು.

ಯಾರಿಗೆ ಎಷ್ಟು

ಮೂರು ಗಂಟೆ ಎಂಬುದು ನಡುವಿನ ಲೆಕ್ಕ. ಕೈಚೀಲ ಮಾತ್ರ ಇದ್ದು, ವೆಬ್ ಚೆಕ್-ಇನ್ ಆಗಿ, ಫಾಸ್ಟ್ ಟ್ರ್ಯಾಕ್ ನೋಂದಣಿಯೂ ಇದ್ದು, ಹಗಲಿನ ವಿಮಾನವಾದರೆ ಎರಡು ಗಂಟೆ ಸಾಕು. ಅದಕ್ಕಿಂತ ಇಳಿಯಬೇಡಿ.

ವೀಲ್‌ಚೇರ್ ಬೇಕಿರುವ ಹಿರಿಯರಿಗೆ ನಾಲ್ಕು ಗಂಟೆ. 48 ಗಂಟೆ ಮುಂಚೆ ಏರ್‌ಲೈನಿಗೆ ತಿಳಿಸಿರಬೇಕು. ತಿಳಿಸಿದ್ದರೂ ನಡುರಾತ್ರಿ ಒಂದೇ ಹೊತ್ತಿಗೆ ನಾಲ್ಕೈದು ವಿಮಾನಗಳ ವೀಲ್‌ಚೇರ್‌ಗಳಿಗೆ ಬೇಡಿಕೆ ಬಂದಾಗ ತಳ್ಳುವವರು ಬರುವವರೆಗೆ ಕಾಯಬೇಕು. ಮೊದಲ ಸಲ ಹಾರುವವರು, ಹಸುಗೂಸು ಇರುವವರು, ಆಗಸ್ಟ್‌ನಲ್ಲಿ ಓದಲು ಹೊರಟ ವಿದ್ಯಾರ್ಥಿಗಳು, ಮೇ ತಿಂಗಳ ಮತ್ತು ಡಿಸೆಂಬರ್ ಕೊನೆಯ ರಜೆಯಲ್ಲಿ ಹೋಗುವವರು ಮೂರೂವರೆ ಇಟ್ಟುಕೊಳ್ಳಿ. ಮದುವೆಗೆಂದು ಭಾರೀ ಒಡವೆ ಒಯ್ದು ಅದನ್ನೇ ವಾಪಸ್ ತರುವವರು ಹೊರಡುವಾಗ ಕಸ್ಟಮ್ಸ್‌ನಲ್ಲಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕು, ಅದಕ್ಕೆ ಒಂದು ಗಂಟೆ ಬೇರೆ.

ಹುಬ್ಬಳ್ಳಿ, ಬೆಳಗಾವಿಯಿಂದ ವಿಮಾನದಲ್ಲೇ ಬಂದು ಇಲ್ಲಿ ವಿದೇಶದ ವಿಮಾನ ಹತ್ತುವವರು ಎರಡೂ ಟಿಕೆಟ್ ಒಂದೇ ಪಿಎನ್‌ಆರ್‌ನಲ್ಲಿ (ಬುಕಿಂಗ್ ಸಂಖ್ಯೆಯಲ್ಲಿ) ಇವೆಯೇ ನೋಡಿ. ಬೇರೆ ಬೇರೆ ಇದ್ದರೆ ಬ್ಯಾಗು ಬಿಡಿಸಿಕೊಂಡು, ಬೇಕಿದ್ದರೆ ಟಿ1ರಿಂದ ಟಿ2ಗೆ ಬಂದು, ಮತ್ತೆ ಚೆಕ್-ಇನ್ ಮಾಡಬೇಕು. ಮೊದಲ ವಿಮಾನ ತಡವಾದರೆ ಎರಡನೆಯ ಏರ್‌ಲೈನ್ ಹೊಣೆಯಲ್ಲ. ನಡುವೆ ಐದು ಗಂಟೆ ಇರಲಿ. ಮಂಗಳೂರಿನಿಂದ ಕೊಲ್ಲಿಗೆ ಹೋಗುವವರಿಗೆ ಏರ್‌ಪೋರ್ಟ್ ಚಿಕ್ಕದು, ಒಳಗೆ ಎರಡೂವರೆ ಗಂಟೆ ಸಾಕಾಗುತ್ತದೆ. ಆದರೆ ಮಳೆಗಾಲದಲ್ಲಿ ಉಡುಪಿ, ಕಾಸರಗೋಡು ಕಡೆಯಿಂದ ಬರುವ ಹೆದ್ದಾರಿಗೆ ಹೆಚ್ಚು ಹೊತ್ತು ಇಟ್ಟುಕೊಳ್ಳಿ.

ತಡವಾಗುವುದು ಖಚಿತವಾದಾಗ

ಹೆಬ್ಬಾಳದಲ್ಲೇ ಕೌಂಟರ್ ಮುಚ್ಚುವ ಹೊತ್ತಾಯಿತು ಎಂದು ಗೊತ್ತಾದರೆ ಚಾಲಕರಿಗೆ "ಬೇಗ, ಬೇಗ" ಎನ್ನುವುದನ್ನು ಬಿಟ್ಟು ಫೋನ್ ತೆಗೆಯಿರಿ. ವಿಮಾನ ತಡವಾಗಿದೆಯೇ ಎಂದು ಏರ್‌ಲೈನ್ ಆ್ಯಪ್‌ನಲ್ಲಿ ನೋಡಿ. ತಡವಾಗಿದ್ದರೂ ಕೌಂಟರ್ ಹಳೆಯ ಹೊತ್ತಿಗೇ ಮುಚ್ಚಬಹುದು, ಆದ್ದರಿಂದ ಸಹಾಯವಾಣಿಗೆ ಕರೆ ಮಾಡಿ ಕೇಳಿ. ಬೇರೆ ದಾರಿಯಿಲ್ಲದಿದ್ದರೆ ವಿಮಾನ ಹೊರಡುವ ಮುಂಚೆಯೇ ಟಿಕೆಟನ್ನು ಬೇರೆ ದಿನಕ್ಕೆ ಬದಲಾಯಿಸಿ. ಹೊರಟ ಮೇಲೆ ಅದು "ನೋ-ಶೋ" (ಪ್ರಯಾಣಿಕರು ಬರಲೇ ಇಲ್ಲ) ಆಗುತ್ತದೆ: ದಂಡ ಹೆಚ್ಚು, ಮೊದಲ ಹಂತ ತಪ್ಪಿದರೆ ಮುಂದಿನ ಹಂತಗಳೂ ವಾಪಸ್ ಬರುವ ಟಿಕೆಟೂ ತಾನಾಗಿ ರದ್ದಾಗುತ್ತವೆ. ಏಜೆಂಟರ ಮೂಲಕ ತೆಗೆದ ಟಿಕೆಟಾದರೆ ಬದಲಾವಣೆಯನ್ನು ಅವರೇ ಮಾಡಬೇಕಾಗಬಹುದು, ರಾತ್ರಿ ಹನ್ನೆರಡಕ್ಕೂ ಫೋನ್ ಎತ್ತುವ ನಂಬರನ್ನು ಟಿಕೆಟ್ ತೆಗೆಯುವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.